ಗೋಡೆ ಬಂತು, ಕಲ್ಲು ಬರಲಿಲ್ಲ!

ಒಂದು ಕಂಪ್ಯೂಟರ್ ತಂತ್ರಾಂಶದಲ್ಲಿ ಕಟ್ಟಿದ ಮನೆ ಇನ್ನೊಂದಕ್ಕೆ ವಲಸೆ ಹೋಗುವಾಗ ದಾರಿಯಲ್ಲಿ ಏನೇನು ಕಳೆದುಹೋಗುತ್ತದೆ? ಗೆರೆ ತಲುಪುತ್ತದೆ, ಅಳತೆ ತಲುಪುತ್ತದೆ. ಆದರೆ ಇಟ್ಟಿಗೆ, ಕಲ್ಲು, ಹೆಂಚು?

ಪುತ್ತೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಮನೆ ಕಟ್ಟಿಸಲು ಹೊರಟರು. ಅವರ ಷರತ್ತು ಒಂದೇ: ಮುಂದಿನ ಜಗಲಿಯ ಗೋಡೆಗೆ ಸಾರಣೆ ಕೂಡದು. ಮುರಕಲ್ಲು ಹಾಗೆಯೇ ಕಾಣಬೇಕು, ಕಲ್ಲಿನ ನಡುವಿನ ಸಂದಿಗೆ ಮಾತ್ರ ಗಾರೆ ತುಂಬಬೇಕು. ಅವರ ಅಜ್ಜನ ಮನೆ ಹಾಗಿತ್ತಂತೆ.

ನಕ್ಷೆ ಮಾಡಿದವರು ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಆಗಿರುವ ನನ್ನ ಸ್ನೇಹಿತರು. ಅವರ ಕಚೇರಿಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಮನೆಯನ್ನು ಗಿರಗಿರನೆ ತಿರುಗಿಸಿ ತೋರಿಸಿದರು. ಕೆಂಪು ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಜಗಲಿಗೆ ಬೀಳುವ ಸಂಜೆ ಬಿಸಿಲು, ಎಲ್ಲವೂ ಅಲ್ಲಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, ‘ಹಾಂ, ಇದೇ’ ಎಂದರು.

ಆರು ತಿಂಗಳ ನಂತರ ಮಗಳ ಊರಿಗೆ ಹೋಗಿ ಹದಿನೈದು ದಿನ ಇದ್ದು ಹಿಂದಿರುಗಿದ ಮಾಸ್ತರರಿಗೆ ಎದುರಾದದ್ದು ನುಣ್ಣಗೆ ಸಿಮೆಂಟ್ ಬಳಿದುಕೊಂಡು ನಿಂತ ಜಗಲಿ ಗೋಡೆ.

‘ಇದೆಂತ ಮಾರಾಯ್ರೇ, ನನ್ನ ಕಲ್ಲು ಎಲ್ಲಿಗೆ ಹೋಯಿತು?’

ಮೇಸ್ತ್ರಿ ಡ್ರಾಯಿಂಗ್ ಬಿಡಿಸಿ ತೋರಿಸಿದ. ‘ನೋಡಿ ಮಾಸ್ಟ್ರೇ, ಇದರಲ್ಲಿ ಇದ್ದ ಹಾಗೆಯೇ ಮಾಡಿದ್ದೇವೆ. ಗೋಡೆಯ ಎರಡೂ ಬದಿಗೆ ಪ್ಲಾಸ್ಟರಿನ ಗೆರೆ ಉಂಟಲ್ಲ?’

ನಿಜಕ್ಕೂ ಇತ್ತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಆರ್ಕಿಟೆಕ್ಟರೂ ತಪ್ಪು ಬರೆದಿರಲಿಲ್ಲ. ಹಾಗಾದರೆ ಕಲ್ಲು ಕಳೆದುಹೋದದ್ದು ಎಲ್ಲಿ?

ಎರಡು ತಂತ್ರಾಂಶ, ಎರಡು ಭಾಷೆ

ಕಳೆದುಹೋದದ್ದು ಎರಡು ಕಂಪ್ಯೂಟರುಗಳ ನಡುವೆ. ಆರ್ಕಿಟೆಕ್ಟರು ಮನೆಯನ್ನು ರೂಪಿಸಿದ್ದು ರೆವಿಟ್ ಎಂಬ ತಂತ್ರಾಂಶದಲ್ಲಿ. ಕೆಲಸದ ಡ್ರಾಯಿಂಗ್‌ಗಳನ್ನು ತಯಾರಿಸಿಕೊಡುವ ಇನ್ನೊಂದು ಕಚೇರಿಯವರು ಬಳಸುವುದು ಆಟೋಕ್ಯಾಡ್. ಕಡತ ಅಲ್ಲಿಂದ ಇಲ್ಲಿಗೆ ಹೋಯಿತು. ಗೋಡೆಯ ಉದ್ದ, ಅಗಲ, ಕಿಟಕಿಯ ಜಾಗ ಎಲ್ಲವೂ ಕೂದಲೆಳೆಯ ಅಂತರವಿಲ್ಲದೆ ತಲುಪಿದವು. ಆದರೆ ‘ಈ ಗೋಡೆ ಮುರಕಲ್ಲಿನದು, ಹೊರಮೈಗೆ ಸಾರಣೆ ಇಲ್ಲ’ ಎಂಬ ಮಾತು ಇದ್ದದ್ದು ಗೋಡೆಯ ಮೆಟೀರಿಯಲ್‌ನ ಹೆಸರಿನೊಳಗೆ. ಆ ಹೆಸರು ದಾಟಲಿಲ್ಲ. ಅತ್ತ ಕುಳಿತ ಹುಡುಗ ಪರದೆಯ ಮೇಲೆ ಬರೀ ಎರಡು ಗೆರೆ ಕಂಡ. ತನ್ನ ಕಚೇರಿಯ ರೂಢಿಯಂತೆ ಅದಕ್ಕೆ ಕಟ್ಟಡದ ಕಲ್ಲಿನ ಸಾಮಾನ್ಯ ಗುರುತು ತುಂಬಿ, ಎರಡೂ ಬದಿಗೆ ಪ್ಲಾಸ್ಟರಿನ ಗೆರೆ ಎಳೆದು ಕಳಿಸಿದ.

ಇದನ್ನು ಅರ್ಥ ಮಾಡಿಕೊಳ್ಳಲು ಈ ಎರಡು ತಂತ್ರಾಂಶಗಳ ಹುಟ್ಟನ್ನು ಸ್ವಲ್ಪ ನೋಡಬೇಕು.

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬರೆಯಬಹುದೆಂದು ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಮೂಲಕ ತೋರಿಸಿದ್ದು 1963ರಲ್ಲಿ. ಆ ಯಂತ್ರಕ್ಕೆ ಒಂದು ಕೋಣೆಯೇ ಬೇಕಿತ್ತು. ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ಅದನ್ನು ಇಳಿಸಿದ್ದು ಆಟೋಕ್ಯಾಡ್. 1982ರಲ್ಲಿ ಬಂದ ಅದು ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ರಾಟ್ರಿಂಗ್ ಪೆನ್ನುಗಳನ್ನು ಅಟ್ಟಕ್ಕೆ ಕಳಿಸಿತು. ಆದರೆ ಅದರ ಯೋಚನೆ ಮಾತ್ರ ಡ್ರಾಯಿಂಗ್ ಬೋರ್ಡಿನದೇ. ಅದಕ್ಕೆ ಗೊತ್ತಿದ್ದದ್ದು ಗೆರೆ, ವೃತ್ತ, ಅಕ್ಷರ. ಅಕ್ಕಪಕ್ಕ ಎರಡು ಗೆರೆ ಎಳೆದರೆ ನೋಡುವವರು ಗೋಡೆ ಎಂದು ತಿಳಿಯಬೇಕು. ನಡುವೆ ಓರೆ ಗೆರೆ ತುಂಬಿದರೆ ಇಟ್ಟಿಗೆ, ಚುಕ್ಕೆಗಳ ಜತೆ ಪುಟ್ಟ ತ್ರಿಕೋನ ಹಾಕಿದರೆ ಕಾಂಕ್ರೀಟು. ಅರ್ಥ ಇರುವುದು ಓದುವವರ ತಲೆಯಲ್ಲಿಯೇ ಹೊರತು ಕಡತದಲ್ಲಿ ಅಲ್ಲ.

ರೆವಿಟ್‌ನ ದಾರಿ ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಪುಟ್ಟ ಕಂಪನಿಯೊಂದು 2000ದಲ್ಲಿ ಅದನ್ನು ಹೊರತಂದಿತು. 2002ರಲ್ಲಿ ಆಟೋಕ್ಯಾಡ್‌ನ ಒಡೆಯರಾದ ಆಟೋಡೆಸ್ಕ್ ಅದನ್ನು 13 ಕೋಟಿ 30 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಇದರಲ್ಲಿ ನೀವು ಗೆರೆ ಎಳೆಯುವುದಿಲ್ಲ, ಗೋಡೆಯನ್ನೇ ಇಡುತ್ತೀರಿ. ಗೋಡೆಗೆ ತಾನು ಗೋಡೆ ಎಂದು ಗೊತ್ತು. ಒಳಗೆ ಎಷ್ಟು ಪದರ, ಯಾವ ಪದರ ಯಾವುದರಿಂದ ಆದದ್ದು, ಎಷ್ಟು ದಪ್ಪ ಎಂಬುದೂ ಗೊತ್ತು. ಕಿಟಕಿ ಸರಿಸಿದರೆ ನಕ್ಷೆ, ಮುಂನೋಟ, ಸಾಮಾನಿನ ಪಟ್ಟಿ ಎಲ್ಲ ಕಡೆ ತಾನಾಗಿ ತಿದ್ದಿಕೊಳ್ಳುತ್ತದೆ.

ಈ ಕಲ್ಪನೆ ರೆವಿಟ್‌ನವರದೇ ಅಲ್ಲ. ಚಾರ್ಲ್ಸ್ ಈಸ್ಟ್‌ಮನ್ ಎಂಬ ಅಮೆರಿಕದ ಪ್ರಾಧ್ಯಾಪಕರು 1975ರಷ್ಟು ಹಿಂದೆಯೇ ಇದನ್ನು ವಿವರಿಸಿ ಬರೆದಿದ್ದರು. ಹಂಗರಿಯ ಬುಡಾಪೆಸ್ಟ್ ನಗರದಲ್ಲಿ ಗಾಬೊರ್ ಬೊಯಾರ್ ಮತ್ತು ಸಂಗಡಿಗರು ಕಮ್ಯುನಿಸ್ಟ್ ಆಡಳಿತದ ಕಾಲದಲ್ಲೇ, 1980ರ ದಶಕದಲ್ಲಿ, ಆರ್ಕಿಕ್ಯಾಡ್ ಎಂಬ ಇಂಥದೇ ತಂತ್ರಾಂಶವನ್ನು ಆಪಲ್ ಕಂಪ್ಯೂಟರಿಗಾಗಿ ಹೊಸೆದಿದ್ದರು.

ರೆವಿಟ್, ಆಟೋಕ್ಯಾಡ್ ಎರಡಕ್ಕೂ ಈಗ ಒಬ್ಬನೇ ಒಡೆಯ. ಹಾಗಿದ್ದೂ ಒಂದರ ಮಾತು ಇನ್ನೊಂದಕ್ಕೆ ಪೂರ್ತಿ ತಿಳಿಯುವುದಿಲ್ಲ ಎಂಬುದೇ ಸ್ವಾರಸ್ಯ. ಒಂದು ವಸ್ತುಗಳ ಪಟ್ಟಿ, ಇನ್ನೊಂದು ಗೆರೆಗಳ ಕಟ್ಟು. ಪಟ್ಟಿಯನ್ನು ಚಿತ್ರವಾಗಿಸುವುದು ಸುಲಭ. ಚಿತ್ರದಿಂದ ಪಟ್ಟಿಯನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಹಾಲನ್ನು ಮೊಸರು ಮಾಡಿದ ಹಾಗೆ!

ಒಂದು ಕಲ್ಲಿಗೆ ಐದು ಚೀಲ

ಕಂಪ್ಯೂಟರಿನಲ್ಲಿ ‘ಮೆಟೀರಿಯಲ್’ ಎಂದರೆ ಬರೀ ಬಣ್ಣವಲ್ಲ. ರೆವಿಟ್‌ನಲ್ಲಿ ಪ್ರತಿ ಮೆಟೀರಿಯಲ್ ಐದು ಚೀಲ ಹೊತ್ತುಕೊಂಡಿರುತ್ತದೆ ಎಂದುಕೊಳ್ಳಿ.

ಮೊದಲನೆಯದು ಗುರುತಿನ ಚೀಟಿ. ಹೆಸರು, ವಿವರಣೆ, ತಯಾರಕರು, ಬೆಲೆ ಇವೆಲ್ಲ ಅದರಲ್ಲಿ. ಎರಡನೆಯದು ನಕ್ಷೆಯಲ್ಲಿ ಕಾಣುವ ಗುರುತು, ಎಂದರೆ ಗೋಡೆಯನ್ನು ಕತ್ತರಿಸಿ ತೋರಿಸಿದಾಗ ಯಾವ ಗೆರೆವಿನ್ಯಾಸ ತುಂಬಬೇಕು ಎಂಬುದು. ಇದಕ್ಕೆ ‘ಹ್ಯಾಚ್’ ಎನ್ನುತ್ತಾರೆ. ಮೂರನೆಯದು ಹೊರನೋಟ: ಬಣ್ಣ, ಹೊಳಪು, ಕಲ್ಲಿನ ಮೈಯ ಫೋಟೊ. ನಾಲ್ಕನೆಯದು ಭೌತಿಕ ಗುಣ, ಅಂದರೆ ತೂಕ, ಬಲ. ಐದನೆಯದು ಶಾಖದ ಗುಣ. ಬಿಸಿಲನ್ನು ಎಷ್ಟು ಬೇಗ ಒಳಗೆ ಬಿಡುತ್ತದೆ ಎಂಬ ಲೆಕ್ಕ ಇಲ್ಲಿರುತ್ತದೆ.

ಆಟೋಕ್ಯಾಡ್‌ನಲ್ಲೂ ಮೆಟೀರಿಯಲ್ ಎಂಬುದಿದೆ. ಆದರೆ ಅದು ಹೊರನೋಟದ ಚೀಲ ಮಾತ್ರ, ಬಣ್ಣದ ಚಿತ್ರ ತೆಗೆಯುವುದಕ್ಕೆ ಇರುವಂಥದ್ದು. ಹ್ಯಾಚ್ ಅಲ್ಲಿ ಬೇರೆಯೇ ಒಂದು ವಸ್ತು, ಅದಕ್ಕೂ ಮೆಟೀರಿಯಲ್‌ಗೂ ಸಂಬಂಧವಿಲ್ಲ. ತೂಕ, ಶಾಖ ಇವುಗಳಿಗೆ ಜಾಗವೇ ಇಲ್ಲ. ಐದು ಚೀಲ ಹೊತ್ತವನು ಒಂದೇ ಚೀಲ ಹಿಡಿಸುವ ಬಾಗಿಲಿನಲ್ಲಿ ನುಗ್ಗಿದರೆ ಉಳಿದ ನಾಲ್ಕು ಹೊಸ್ತಿಲಾಚೆಯೇ ಉಳಿಯುತ್ತವೆ.

ದಾಟಿದ ಚೀಲವೂ ಕೆಲವೊಮ್ಮೆ ಖಾಲಿ. ಕಲ್ಲಿನ ಮೈಯ ಫೋಟೊ ಸಾಮಾನ್ಯವಾಗಿ ಕಡತದ ಒಳಗೆ ಇರುವುದಿಲ್ಲ. ‘ಇಂಥ ಕಂಪ್ಯೂಟರಿನ ಇಂಥ ಕಪಾಟಿನಲ್ಲಿ ಆ ಫೋಟೊ ಇದೆ, ಹೋಗಿ ತಾ’ ಎಂಬ ವಿಳಾಸ ಮಾತ್ರ ಇರುತ್ತದೆ. ಕಡತ ಬೇರೆ ಊರಿಗೆ ಹೋದಾಗ ಆ ವಿಳಾಸದಲ್ಲಿ ಯಾರೂ ಸಿಕ್ಕುವುದಿಲ್ಲ. ಆಗ ಕೆಂಪು ಕಲ್ಲಿನ ಮನೆ ಬೂದಿ ಬಳಿದುಕೊಂಡ ಸನ್ಯಾಸಿಯಂತೆ ಕಾಣುತ್ತದೆ. ಕಟ್ಟಡ ವಿನ್ಯಾಸದ ಕಚೇರಿಗಳಲ್ಲಿ ‘ಸಾರ್, ಮೆಟೀರಿಯಲ್ ಬಂದಿಲ್ಲ’ ಎಂಬ ಕೂಗು ಕೇಳಿಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಇಂಚು, ಮಿಲಿಮೀಟರಿನ ಜಗಳ

ಹ್ಯಾಚ್‌ನದು ಇನ್ನೊಂದು ಕಥೆ. ಈ ಗೆರೆವಿನ್ಯಾಸಗಳು ‘ಪ್ಯಾಟ್’ ಎಂಬ ಬಾಲವಿರುವ ಸಣ್ಣ ಕಡತದಲ್ಲಿರುತ್ತವೆ. ತೆರೆದು ನೋಡಿದರೆ ಬರೀ ಅಂಕಿಗಳು: ಎಷ್ಟು ಡಿಗ್ರಿ ಓರೆ, ಗೆರೆಯಿಂದ ಗೆರೆಗೆ ಎಷ್ಟು ದೂರ, ಎಷ್ಟು ಉದ್ದ ಎಳೆದು ಎಷ್ಟು ಬಿಡಬೇಕು. ಆಟೋಕ್ಯಾಡ್ ಇಂಥ ಕಡತಗಳನ್ನು ಜೋಡಿಯಾಗಿ ಕೊಡುತ್ತದೆ. ಒಂದು ಇಂಚಿನವರಿಗೆ, ಇನ್ನೊಂದು ಮಿಲಿಮೀಟರಿನವರಿಗೆ. ಎರಡರ ನಡುವಿನ ವ್ಯತ್ಯಾಸ 25.4 ಪಟ್ಟು. ಇಂಚಿನ ಇಟ್ಟಿಗೆ ವಿನ್ಯಾಸವನ್ನು ಮಿಲಿಮೀಟರಿನ ನಕ್ಷೆಗೆ ತುಂಬಿದರೆ ಇಟ್ಟಿಗೆಗಳು ಸಾಸಿವೆಯಷ್ಟಾಗಿ ಗೋಡೆಯೆಲ್ಲ ಮಸಿ ಮೆತ್ತಿದಂತಾಗುತ್ತದೆ. ಅದಲುಬದಲಾದರೆ ಇಡೀ ಗೋಡೆಗೆ ಒಂದೇ ಇಟ್ಟಿಗೆ!

ಇದೇ ಕಡತವನ್ನು ರೆವಿಟ್‌ಗೆ ಕೊಡುವಾಗ ಒಂದು ಹೆಚ್ಚುವರಿ ಸಾಲು ಬರೆಯಬೇಕು. ಈ ವಿನ್ಯಾಸ ‘ಮಾಡೆಲ್’ ಬಗೆಯದೋ ‘ಡ್ರಾಫ್ಟಿಂಗ್’ ಬಗೆಯದೋ ಎಂದು ಹೇಳಬೇಕು. ಮಾಡೆಲ್ ಎಂದರೆ ನಿಜವಾದ ಕಲ್ಲಿನ ಅಳತೆಗೆ ಕಟ್ಟುಬಿದ್ದದ್ದು, ನಕ್ಷೆಯನ್ನು ಹಿಗ್ಗಿಸಿದರೆ ಅದೂ ಹಿಗ್ಗುತ್ತದೆ. ಡ್ರಾಫ್ಟಿಂಗ್ ಎಂದರೆ ಕಾಗದದ ಮೇಲಿನ ಸಂಕೇತ ಮಾತ್ರ, ಯಾವ ಅಳತೆಯ ನಕ್ಷೆಯಾದರೂ ಅದು ಅಷ್ಟೇ ಇರುತ್ತದೆ. ಒಂದು ಕಲ್ಲು ಎಣಿಸಲು, ಇನ್ನೊಂದು ಕಲ್ಲು ಎಂದು ಹೇಳಲು. ಹಳೆಯ ಡ್ರಾಫ್ಟ್ಸ್‌ಮನ್‌ಗಳು ಈ ವ್ಯತ್ಯಾಸವನ್ನು ಹೇಳದೆಯೇ ಪಾಲಿಸುತ್ತಿದ್ದರು. ಕಂಪ್ಯೂಟರಿಗೆ ಬಾಯಿಬಿಟ್ಟು ಹೇಳಬೇಕು.

ಅದಿರಲಿ, ಇಟ್ಟಿಗೆಯೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಐಎಸ್ 1077 ಹೇಳುವ ಮಾಡ್ಯುಲರ್ ಇಟ್ಟಿಗೆ 190 ಮಿಲಿಮೀಟರ್ ಉದ್ದ, 90 ಅಗಲ, 90 ಎತ್ತರ. ಅಮೆರಿಕದ ಮಾಡ್ಯುಲರ್ ಇಟ್ಟಿಗೆಯ ಎತ್ತರ ಎರಡೂಕಾಲು ಇಂಚು, ಎಂದರೆ ಸುಮಾರು 57 ಮಿಲಿಮೀಟರ್. ಅಮೆರಿಕದ ವಿನ್ಯಾಸ ಇಟ್ಟುಕೊಂಡು ನಮ್ಮ ಗೋಡೆಯ ವರಸೆ ಎಣಿಸಿದರೆ ಲೆಕ್ಕ ಎಲ್ಲಿಗೆ ಹೋದೀತು ಎಂದು ನೀವೇ ಊಹಿಸಿ.

ಶಾಖದ ಲೆಕ್ಕದಲ್ಲಿ ಈ ಜಗಳ ಕಣ್ಣಿಗೆ ಕಾಣುವುದೂ ಇಲ್ಲ. ಗೋಡೆ ಬಿಸಿಯನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ‘ಆರ್’ ಎಂಬ ಅಳತೆ ಇದೆ. ಅಮೆರಿಕದ ಆರ್ 10 ಮೆಟ್ರಿಕ್ ಲೆಕ್ಕದಲ್ಲಿ 1.76 ಮಾತ್ರ. ಮಾನ ಹೇಳದೆ ಅಂಕಿಯನ್ನಷ್ಟೇ ಸಾಗಿಸಿದರೆ ಗೋಡೆ ಕಾಗದದ ಮೇಲೆ ಐದೂವರೆ ಪಟ್ಟಿಗಿಂತ ಹೆಚ್ಚು ತಂಪಾಗಿಬಿಡುತ್ತದೆ. ವಾಸಕ್ಕೆ ಬಂದವರು ಮಾತ್ರ ಬೆವರುತ್ತಾರೆ.

ತೂಕವೂ ಹಾಗೆಯೇ. ಒಂದು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 200 ಮಿಲಿಮೀಟರ್ ದಪ್ಪದ ಗೋಡೆ ತೆಗೆದುಕೊಳ್ಳಿ. ಘನ ಮೀಟರಿಗೆ 2400 ಕಿಲೊ ತೂಗುವ ಕಾಂಕ್ರೀಟಿನದಾದರೆ ಅದರ ತೂಕ 1440 ಕಿಲೊ. ಈಗ ಎಲ್ಲೆಡೆ ಕಾಣುವ, ಘನ ಮೀಟರಿಗೆ 600 ಕಿಲೊ ತೂಗುವ ಹಗುರ ಎಎಸಿ ಬ್ಲಾಕಿನದಾದರೆ 360 ಕಿಲೊ. ಪರದೆಯ ಮೇಲೆ ಎರಡೂ ಬೂದು ಬಣ್ಣದ ಚೌಕವೇ. ಹೆಸರು ಕಳೆದುಕೊಂಡು ಬಂದ ಬೂದು ಗೋಡೆಯನ್ನು ನೋಡಿ ಕಂಬ, ತೊಲೆ ಲೆಕ್ಕ ಹಾಕುವ ಎಂಜಿನಿಯರ್ ಯಾವುದನ್ನು ನಂಬಬೇಕು?

ಮುರಕಲ್ಲೋ, ಜಂಬಿಟ್ಟಿಗೆಯೋ?

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರಿನದು. ಮಾಸ್ತರರ ಊರಿನ ಮುರಕಲ್ಲು ಮಲೆನಾಡಿನಲ್ಲಿ ಜಂಬಿಟ್ಟಿಗೆ. ಉತ್ತರ ಕನ್ನಡದಲ್ಲಿ ಚಿರೆಕಲ್ಲು. ಪೇಟೆಯವರಿಗೆ ಕೆಂಪುಕಲ್ಲು. ಇಂಗ್ಲಿಷಿನ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳಲ್ಲಿ 1800–01ರಲ್ಲಿ ಸುತ್ತಾಡಿದ ಆತ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಕಲ್ಲನ್ನು ವರ್ಣಿಸಿದ. ನೆಲದಿಂದ ಕಡಿದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ, ಇಟ್ಟಿಗೆಯಂತೆ ಬಳಕೆಯಾಗುವ ಈ ಕಲ್ಲಿಗೆ ಲ್ಯಾಟಿನ್ನಿನ ‘ಇಟ್ಟಿಗೆ’ ಪದದಿಂದಲೇ ಹೆಸರಿಟ್ಟ.

ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ. ಸಾಗರದವರು ಪುತ್ತೂರಿಗೆ ಹೋಗಿ ಜಂಬಿಟ್ಟಿಗೆ ಎಂದರೆ, ಕೈ ತೋರಿಸಿದರೆ ಸಾಕು. ಕಂಪ್ಯೂಟರಿಗೆ ಕೈ ತೋರಿಸಲಾಗದು. ಅದರ ಮಟ್ಟಿಗೆ ‘ಲ್ಯಾಟರೈಟ್’ ಬೇರೆ, ‘ಲ್ಯಾಟರೈಟ್ ಸ್ಟೋನ್’ ಬೇರೆ, ನಡುವೆ ಒಂದು ಅಡ್ಡಗೆರೆ ಹಾಕಿದರೆ ಮೂರನೆಯದು. ರೆವಿಟ್‌ನಲ್ಲಿ ಒಂದು ಮನೆಯ ಮೆಟೀರಿಯಲ್‌ಗಳನ್ನು ಇನ್ನೊಂದು ಮನೆಯ ಕಡತಕ್ಕೆ ನಕಲು ಮಾಡುವ ಆಜ್ಞೆ ಇದೆ. ಅದು ಎರಡೂ ಕಡೆ ಒಂದೇ ಹೆಸರು ಕಂಡರೆ, ‘ಹಳೆಯದರ ಮೇಲೆ ಬರೆಯಲೋ, ಹೊಸದನ್ನು ಮಾತ್ರ ತರಲೋ’ ಎಂದು ಕೇಳುತ್ತದೆ. ಅವಸರದಲ್ಲಿದ್ದವರು ಓದದೆ ಒತ್ತುತ್ತಾರೆ. ಒಳಗಿನ ಗುಣ ಬೇರೆಯಿದ್ದು ಹೆಸರು ಮಾತ್ರ ಒಂದೇ ಇದ್ದರೆ, ತಿಂಗಳುಗಟ್ಟಲೆ ಕುಳಿತು ಹೊಂದಿಸಿದ ಮಾಹಿತಿ ಒಂದು ಗುಂಡಿಗೆ ಬಲಿ.

ಕನ್ನಡದಲ್ಲೇ ಹೆಸರಿಟ್ಟರೆ? ಇಡಬಹುದು. ಯೂನಿಕೋಡ್ ಬಂದ ಮೇಲೆ ಕಡತ ಅದನ್ನು ಸಂಖ್ಯೆಗಳ ಸರಣಿಯಾಗಿ ಹೊತ್ತೊಯ್ದು ಅತ್ತ ಮತ್ತೆ ಅಕ್ಷರವಾಗಿಸಬಲ್ಲದು. ಹಳೆಯ ಫಾಂಟುಗಳ ಕಾಲದ ಡ್ರಾಯಿಂಗ್‌ಗಳಲ್ಲಿ ಮಾತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ, ‘ಅಡುಗೆಮನೆ’ ಎಂದು ಬರೆದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಎಲ್ಲರಿಗೂ ಒಂದು ಭಾಷೆ

ಈ ಗೊಂದಲಕ್ಕೆ ಮದ್ದು ಹುಡುಕುವ ಪ್ರಯತ್ನ ಹೊಸದಲ್ಲ. ಆಟೋಕ್ಯಾಡ್ ಮೊದಲ ಆವೃತ್ತಿಯ ಜತೆಗೇ ಡಿಎಕ್ಸ್‌ಎಫ್ ಎಂಬ ಬಗೆಯ ಕಡತವನ್ನೂ ತಂದಿತ್ತು. ಬೇರೆ ತಂತ್ರಾಂಶದವರೂ ಓದಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಆದರೆ ಅದೂ ಗೆರೆಗಳ ಭಾಷೆಯೇ.

ಗೋಡೆಯನ್ನು ಗೋಡೆಯಾಗಿಯೇ ಸಾಗಿಸುವ ಭಾಷೆ ಬೇಕೆಂದು 1990ರ ದಶಕದ ನಡುವೆ ಅಮೆರಿಕದ ಹನ್ನೆರಡು ಕಂಪನಿಗಳು ಕೂಡಿ ಕೆಲಸ ಆರಂಭಿಸಿದವು. ಆ ಕೂಟ ಬೆಳೆದು ಈಗ ‘ಬಿಲ್ಡಿಂಗ್‌ಸ್ಮಾರ್ಟ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಾಗಿದೆ. ಅವರು ರೂಪಿಸಿದ ಭಾಷೆಯ ಹೆಸರು ಐಎಫ್‌ಸಿ. 2013ರಲ್ಲಿ ಅದು ಐಎಸ್‌ಒ 16739 ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಯಿತು. ರಸ್ತೆ, ಸೇತುವೆ, ರೈಲು ಮಾರ್ಗಗಳನ್ನೂ ಸೇರಿಸಿಕೊಂಡ ಆವೃತ್ತಿ 2024ರಲ್ಲಿ ಮಾನಕವಾಗಿ ಹೊರಬಂತು.

ಐಎಫ್‌ಸಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನಂಬರು ಹಚ್ಚಿದ ಸಾಲುಗಳು ಕಾಣುತ್ತವೆ. ಇಂಥ ನಂಬರಿನ ಗೋಡೆಗೆ ಇಂಥ ನಂಬರಿನ ಪದರಗಳು, ಆ ಪದರಕ್ಕೆ ಇಂಥ ಮೆಟೀರಿಯಲ್, ಇಷ್ಟು ದಪ್ಪ. ಓದಿದರೆ ಅರ್ಥವಾಗುವಂಥ ಬರವಣಿಗೆ. ಮೆಟೀರಿಯಲ್‌ನ ಹೆಸರು, ತೂಕ, ಶಾಖದ ಗುಣಗಳು ಇದರಲ್ಲಿ ದಾಟಬಲ್ಲವು. ಆದರೆ ಹೊರನೋಟವನ್ನು ಅದು ಬೇರೆಯೇ ಸಾಲಿನಲ್ಲಿ ಇಡುತ್ತದೆ. ಬಣ್ಣ ಹೇಗೋ ದಾಟುತ್ತದೆ, ಕಲ್ಲಿನ ಮೈಯ ಫೋಟೊವನ್ನು ಬಹಳಷ್ಟು ತಂತ್ರಾಂಶಗಳು ಕೈಬಿಡುತ್ತವೆ. ಅಷ್ಟೇ ಅಲ್ಲ, ಕಳಿಸುವವರು ‘ಗುಣಗಳನ್ನೂ ಸೇರಿಸು’ ಎಂಬ ಚೌಕಕ್ಕೆ ಗುರುತು ಹಾಕಬೇಕು. ಹಾಕದಿದ್ದರೆ ಭಾಷೆ ಎಷ್ಟೇ ಶ್ರೀಮಂತವಾಗಿದ್ದರೂ ಹೇಳುವವನೇ ಮೂಗನಾದಂತೆ.

ಹೋದದ್ದು ಎಷ್ಟು?

ಇದೆಲ್ಲ ಡ್ರಾಯಿಂಗ್ ಆಫೀಸಿನ ತಲೆನೋವು ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಒಂದು ವರದಿ ಪ್ರಕಟಿಸಿತು. ಆ ದೇಶದ ದೊಡ್ಡ ಕಟ್ಟಡ, ಕಾರ್ಖಾನೆಗಳ ಕ್ಷೇತ್ರದಲ್ಲಿ ತಂತ್ರಾಂಶಗಳು ಪರಸ್ಪರ ಮಾತಾಡದೆ ಇರುವುದರಿಂದ 2002ನೇ ಇಸವಿಯೊಂದರಲ್ಲೇ ಆದ ನಷ್ಟ 1580 ಕೋಟಿ ಡಾಲರ್ ಎಂದು ಅದು ಅಂದಾಜು ಮಾಡಿತು. ಒಮ್ಮೆ ಬರೆದದ್ದನ್ನೇ ಮತ್ತೆ ಬರೆಯುವುದು, ತಪ್ಪು ಕಟ್ಟಿ ಒಡೆಯುವುದು, ಮಾಹಿತಿಗಾಗಿ ಕಾಯುವುದು, ಎಲ್ಲ ಸೇರಿ ಈ ಮೊತ್ತ. ಅದರಲ್ಲಿ ಹೆಚ್ಚಿನ ಭಾರ ಬಿದ್ದದ್ದು ಕಟ್ಟಡದ ಒಡೆಯರ ಮತ್ತು ಅದನ್ನು ನಡೆಸುವವರ ಮೇಲೆ.

ಕಟ್ಟಡದಾಚೆಯ ಒಂದು ಉದಾಹರಣೆ ಲೋಕಪ್ರಸಿದ್ಧ. ಏರ್‌ಬಸ್ ಕಂಪನಿಯ ಎರಡು ಅಂತಸ್ತಿನ ಎ380 ವಿಮಾನದಲ್ಲಿ ಸುಮಾರು 530 ಕಿಲೊಮೀಟರ್ ಉದ್ದದ ವಿದ್ಯುತ್ ತಂತಿಗಳಿವೆ. ಜರ್ಮನಿ, ಸ್ಪೇನ್‌ನ ಎಂಜಿನಿಯರುಗಳು ಕಟಿಯಾ ತಂತ್ರಾಂಶದ ನಾಲ್ಕನೇ ಆವೃತ್ತಿಯಲ್ಲಿ, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೆಯದರಲ್ಲಿ ಕೆಲಸ ಮಾಡುತ್ತಿದ್ದರು. ತೂಕ ಇಳಿಸಲೆಂದು ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯನ್ನೂ ಬಳಸಿದ್ದರು. ಅದು ತಾಮ್ರದಂತೆ ಬಾಗುವುದಿಲ್ಲ, ತಿರುವಿಗೆ ಹೆಚ್ಚು ಜಾಗ ಬೇಕು. ಹ್ಯಾಂಬರ್ಗ್‌ನಲ್ಲಿ ಸಿದ್ಧವಾದ ತಂತಿಗಳ ಕಟ್ಟು ಫ್ರಾನ್ಸಿನ ತೂಲೂಸ್‌ಗೆ ಬಂದಾಗ ಗಿಡ್ಡವಾಗಿತ್ತು! 2006ರಲ್ಲಿ ವಿಳಂಬದ ಸುದ್ದಿ ಒಂದಾದ ಮೇಲೊಂದು ಹೊರಬಿತ್ತು. ವಿಮಾನಗಳ ಪೂರೈಕೆ ಸುಮಾರು ಎರಡು ವರ್ಷ ಹಿಂದೆ ಬಿತ್ತು. ಒಂದೇ ತಂತ್ರಾಂಶದ ಅಣ್ಣ ತಮ್ಮಂದಿರ ನಡುವೆ ಮಾತು ನಿಂತದ್ದರ ಬೆಲೆ ಇದು.

ಮೆಟೀರಿಯಲ್‌ನ ಹೆಸರು ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ಘಟನೆಯನ್ನು ಹೇಳಲೇಬೇಕು. ಇಲ್ಲಿ ತಂತ್ರಾಂಶದ ತಪ್ಪು ಇರಲಿಲ್ಲ. ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರ ನಸುಕಿನಲ್ಲಿ ಒಂದು ಫ್ಲಾಟಿನ ಅಡುಗೆಮನೆಯಲ್ಲಿ ಹೊತ್ತಿಕೊಂಡ ಬೆಂಕಿ ಹೊರಮೈ ಹಿಡಿದು ಮೇಲಕ್ಕೇರಿತು. 72 ಮಂದಿ ಸತ್ತರು. ಹಳೆಯ ಕಟ್ಟಡಕ್ಕೆ ಅಂದವಾಗಲೆಂದು, ಚಳಿ ತಡೆಯಲೆಂದು ಹೊದಿಸಿದ್ದ ಹಲಗೆಗಳೇ ಬೆಂಕಿಯನ್ನು ಹರಡಿದವು ಎಂದು ವಿಚಾರಣಾ ಆಯೋಗ ಹೇಳಿತು. ಮೊದಲು ಸತುವಿನ ಹಲಗೆ ಎಂದಿದ್ದದ್ದು ಖರ್ಚು ಉಳಿಸಲು ಅಲ್ಯೂಮಿನಿಯಂ ಆಗಿತ್ತು. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಇದ್ದದ್ದು ಪಾಲಿಎಥಿಲೀನ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಬೆಂಕಿಯನ್ನು ತಡೆಯುವ ತಿರುಳಿರುವ ಹಲಗೆಯೂ ಮಾರುಕಟ್ಟೆಯಲ್ಲಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಆ ದುರಂತದ ನಂತರ ಡೇಮ್ ಜುಡಿತ್ ಹ್ಯಾಕಿಟ್ 2018ರಲ್ಲಿ ಕೊಟ್ಟ ವರದಿ ಒಂದು ‘ಚಿನ್ನದ ಎಳೆ’ ಬೇಕು ಎಂದಿತು. ಕಟ್ಟಡದ ಮೊದಲ ಗೆರೆಯಿಂದ ಅದು ನಿಂತಿರುವ ಕೊನೆಯ ದಿನದವರೆಗೆ, ಯಾವ ಜಾಗದಲ್ಲಿ ಯಾವ ವಸ್ತು ಇದೆ, ಯಾರು ಯಾವಾಗ ಬದಲಿಸಿದರು ಎಂಬ ಮಾಹಿತಿ ಕಂಪ್ಯೂಟರಿನಲ್ಲಿ ತುಂಡಾಗದೆ ಸಾಗಬೇಕು ಎಂಬುದು ಅದರ ಅರ್ಥ. 2022ರ ಬ್ರಿಟನ್ನಿನ ಕಟ್ಟಡ ಸುರಕ್ಷತಾ ಕಾಯ್ದೆಯ ಬಳಿಕ ಎತ್ತರದ ವಸತಿ ಕಟ್ಟಡಗಳಿಗೆ ಇದು ಕಡ್ಡಾಯವಾಗಿದೆ. ಪರದೆಯ ಮೇಲಿನ ಬೆಳ್ಳಿ ಬಣ್ಣದ ಚೌಕದ ಹಿಂದೆ ಸರಿಯಾದ ಹೆಸರು ಇದೆಯೇ ಇಲ್ಲವೇ ಎಂಬುದು ಜೀವದ ಪ್ರಶ್ನೆ ಎಂದು ಆ ದೇಶ ಕಲಿತದ್ದು ಹೀಗೆ.

ಕಚೇರಿಯ ಹೊಸ ರೂಢಿ

ಜಗಲಿ ಗೋಡೆಯ ಪ್ರಸಂಗದ ನಂತರ ನನ್ನ ಸ್ನೇಹಿತರ ಕಚೇರಿಯಲ್ಲಿ ಕೆಲವು ರೂಢಿಗಳು ಬದಲಾದವು. ಮೊದಲಿಗೆ, ಇಡೀ ಕಚೇರಿಗೆ ಒಂದೇ ಮೆಟೀರಿಯಲ್ ಪಟ್ಟಿ ಮಾಡಿದರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಹೆಸರು. ಸಾರಣೆ ಇಲ್ಲದ ಮುರಕಲ್ಲಿಗೆ ಒಂದು ಸಂಖ್ಯೆ, ಸಾರಣೆ ಮಾಡುವ ಮುರಕಲ್ಲಿಗೆ ಬೇರೆಯೇ ಸಂಖ್ಯೆ. ಆಟೋಕ್ಯಾಡ್‌ಗೆ ಕಳಿಸುವಾಗ ಆ ಸಂಖ್ಯೆ ಗೋಡೆಯ ಪಕ್ಕದಲ್ಲೇ ಅಕ್ಷರವಾಗಿ ಕಾಣುವಂತೆ ಬರೆಸುತ್ತಾರೆ. ಮೆಟೀರಿಯಲ್ ದಾಟದಿದ್ದರೂ ಅಕ್ಷರ ದಾಟುತ್ತದೆ!

ಕಲ್ಲು, ಮರ, ಹೆಂಚುಗಳ ಫೋಟೊಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು ಕಡತದ ಜತೆಗೇ ಕಟ್ಟಿ ಕಳಿಸುತ್ತಾರೆ. ಒಂದೇ ಕಂಪನಿಯ ತಂತ್ರಾಂಶಗಳ ನಡುವೆ ಹೊರನೋಟವನ್ನು ಹಂಚಿಕೊಳ್ಳಲು ಮೆಟೀರಿಯಲ್ ಲೈಬ್ರರಿ ಎಂಬ ಕಡತ ಮಾಡಿಕೊಂಡಿದ್ದಾರೆ. ಪೂರ್ತಿ ಮನೆ ಕಳಿಸುವ ಮೊದಲು ಒಂದು ಗೋಡೆ, ಒಂದು ಕಿಟಕಿ, ಒಂದು ತುಂಡು ಮಾಡು ಇರುವ ಆಟಿಕೆ ಮನೆಯನ್ನು ಕಳಿಸಿ, ಅತ್ತ ಏನು ಕಾಣುತ್ತದೆಂದು ಫೋನಿನಲ್ಲಿ ಕೇಳುತ್ತಾರೆ. ಹೊಸ ಹುಡುಗರು ಇದನ್ನು ಕಾಲಹರಣ ಎಂದು ಗೊಣಗಿದರಂತೆ. ಹೊಸಬರಿಗೆಲ್ಲ ಜಗಲಿ ಗೋಡೆಯ ಫೋಟೊ ತೋರಿಸುವ ಪದ್ಧತಿ ಆಗಿನಿಂದ ಶುರುವಾಯಿತು.

ಕೊನೆಯದಾಗಿ, ಕಾಗದ. ಮಾಡೆಲ್, ಡ್ರಾಯಿಂಗ್ ಏನೇ ಹೋಗಲಿ, ‘ಯಾವ ಗೋಡೆಗೆ ಏನು’ ಎಂಬ ಒಂದು ಪುಟದ ಪಟ್ಟಿ ಅಚ್ಚಾಗಿ, ಸಹಿ ಬಿದ್ದು, ಮೇಸ್ತ್ರಿಯ ಕೈ ಸೇರಬೇಕು. ಅದೂ ಕನ್ನಡದಲ್ಲಿ. ಪುತ್ತೂರಿಗಾದರೆ ಮುರಕಲ್ಲು, ತೀರ್ಥಹಳ್ಳಿಗಾದರೆ ಜಂಬಿಟ್ಟಿಗೆ!

ಮಾಸ್ತರರ ಗೋಡೆ ಏನಾಯಿತು? ಸಾರಣೆಯನ್ನು ಉಳಿಯಿಂದ ಕೆತ್ತಿ ತೆಗೆಸಿದರು. ಖರ್ಚನ್ನು ಆರ್ಕಿಟೆಕ್ಟರೂ ಡ್ರಾಯಿಂಗ್ ಕಚೇರಿಯವರೂ ಹಂಚಿಕೊಂಡರು. ಮುರಕಲ್ಲು ಮೆತ್ತನೆಯದಲ್ಲವೇ, ಉಳಿಯ ಏಟು ಅಲ್ಲಲ್ಲಿ ಕಚ್ಚಿಕೊಂಡು ಉಳಿಯಿತು. ಗೃಹಪ್ರವೇಶಕ್ಕೆ ಹೋದಾಗ ನಾನೂ ನೋಡಿದೆ. ಸಂದಿಗಳಲ್ಲಿ ಇನ್ನೂ ಸ್ವಲ್ಪ ಸಿಮೆಂಟಿನ ಬಿಳಿಚು ಇತ್ತು. ಮಾಸ್ತರರು ಒಂದು ಕಚ್ಚಿನ ಮೇಲೆ ಬೆರಳಾಡಿಸಿ, ‘ಅಜ್ಜನ ಮನೆಯದರಲ್ಲಿ ಇದೊಂದು ಇರಲಿಲ್ಲ’ ಎಂದು ನಕ್ಕರು.

ಬೆಂಗಳೂರಿನ ಕಚೇರಿಯಲ್ಲಿ, ಕಂಪ್ಯೂಟರಿನ ಪಕ್ಕ, ಈಗ ಅಂಗೈಯಗಲದ ಒಂದು ಮುರಕಲ್ಲಿನ ಚೂರು ಇದೆ. ಕಾಗದ ಹಾರದಂತೆ ಇಟ್ಟದ್ದು ಎಂದು ಬಂದವರು ತಿಳಿಯುತ್ತಾರೆ. ಅದು ಆ ಗೋಡೆಯಿಂದ ಉದುರಿದ್ದು.

ಮನೆ ಕಟ್ಟಿಸುವವರಿಗೆ

● ಬಣ್ಣದ ಚಿತ್ರ ನೋಡಿ ಒಪ್ಪಿಗೆ ಕೊಡುವಾಗ ಅದರಲ್ಲಿ ಕಾಣುವ ಪ್ರತಿ ವಸ್ತುವಿನ ಹೆಸರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

● ಸಾರಣೆ ಬೇಡವಾದ ಗೋಡೆ, ಪಾಲಿಶ್ ಬೇಡವಾದ ಕಲ್ಲು, ಹೀಗೆ ‘ಬೇಡ’ ಎಂಬುದನ್ನೂ ಡ್ರಾಯಿಂಗ್ ಮೇಲೆ ಅಕ್ಷರದಲ್ಲಿ ಬರೆಸಿ. ಬರೆಯದಿದ್ದರೆ ಕೆಲಸದವರು ವಾಡಿಕೆಯಂತೆ ನಡೆಯುತ್ತಾರೆ.

● ವಿನ್ಯಾಸ ಒಂದು ಕಡೆ, ಕೆಲಸದ ಡ್ರಾಯಿಂಗ್ ಇನ್ನೊಂದು ಕಡೆ ತಯಾರಾಗುವುದಾದರೆ, ಎರಡನ್ನೂ ಹೋಲಿಸಿ ನೋಡುವ ಹೊಣೆ ಯಾರದೆಂದು ಮೊದಲೇ ಕೇಳಿ.

● ಕಲ್ಲು, ಹೆಂಚು, ಹಲಗೆಗಳ ಮಾದರಿ ತುಂಡನ್ನು ತರಿಸಿ, ಪಟ್ಟಿಯ ಹೆಸರಿನೊಂದಿಗೆ ತಾಳೆ ನೋಡಿ. ಹೊರಗೆ ಹೊದಿಸುವ ಹಲಗೆಯಾದರೆ ಅದರ ತಿರುಳು ಏನೆಂದು ತಪ್ಪದೆ ಕೇಳಿ.

● ಮನೆ ಮುಗಿದ ಮೇಲೆ ‘ಕೊನೆಗೆ ಕಟ್ಟಿದ್ದು ಹೀಗೆ’ ಎಂಬ ಡ್ರಾಯಿಂಗ್ ಮತ್ತು ವಸ್ತುಗಳ ಪಟ್ಟಿಯನ್ನು ಪಡೆದು ಮನೆಯ ದಾಖಲೆಗಳ ಜತೆ ಇಡಿ. ಇಪ್ಪತ್ತು ವರ್ಷಗಳ ನಂತರ ಗೋಡೆ ಕೊರೆಯುವವರು ನಿಮಗೆ ಕೃತಜ್ಞರಾಗಿರುತ್ತಾರೆ.